ಪಕ್ಕದ ಕುರ್ಚಿಯ ಬೆರಿಲ್

ಬೆರಿಲ್ ಸ್ಟೋನ್‌ಹೌಸ್‌ಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಯಾರ್ಕ್‌ಷೈರಿನ ಕಡಲಂಚಿನ ಸ್ಕಾರ್‌ನೆಸ್ ಊರಿನಲ್ಲಿ ಅವಳೂ ಗಂಡ ಲೆನ್ನೂ ಮೂವತ್ತು ವರ್ಷ ಮೀನು, ಆಲೂಗಡ್ಡೆ ಕರಿದು ಮಾರಿದವರು. ಇವಳು ಕರಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು ಎಂದು ಲೆನ್ ಸಾಯುವವರೆಗೂ ಹೇಳುತ್ತಿದ್ದ. ಮೀನು ಎಣ್ಣೆಯಿಂದ ಮೇಲೇಳುವಷ್ಟರಲ್ಲಿ ಗಿರಾಕಿಯ ಸೊಂಟನೋವು, ಅಳಿಯನ ಕುಡಿತ, ಪಕ್ಕದ ಮನೆಯವರ ಬೆಕ್ಕಿನ ಕಾಟ ಎಲ್ಲವೂ ಅವಳ ಕಿವಿಗೆ ಬಿದ್ದಿರುತ್ತಿತ್ತು. ವಿನೆಗರ್ ಚಿಮುಕಿಸುವ ಹೊತ್ತಿಗೆ ತಕ್ಕ ಬುದ್ಧಿವಾದವೂ ಪುಕ್ಕಟೆಯಾಗಿ ಸಿಗುತ್ತಿತ್ತು.

ಇಂಥವಳು, ಗಂಡ ಹೋದ ಮೇಲೆ ಅಂಗಡಿ ಮಾರಿ, ಬಾಯಿಗೆ ಬೀಗ ಹಾಕಿಕೊಂಡು ಕೂರುವ ಕೆಲಸ ಹಿಡಿದಳೆಂದಾಗ ಊರೆಲ್ಲ ನಕ್ಕಿತು. ಹದಿನೆಂಟು ತುಂಬದವರನ್ನು ಪೊಲೀಸರು ಹಿಡಿದು ತಂದರೆ, ದೊಡ್ಡವರೊಬ್ಬರು ಪಕ್ಕದಲ್ಲಿ ಇಲ್ಲದೆ ಪ್ರಶ್ನೆ ಕೇಳುವಂತಿಲ್ಲ. ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಬಂದು ಕೂರುತ್ತಾರೆ. ಬರುವವರಿಲ್ಲದ ಮಕ್ಕಳಿಗೆ ಬೆರಿಲ್‌ಳಂಥವರು. ಸಂಬಳ ಗಿಂಬಳ ಏನಿಲ್ಲ, ಬಸ್ ಚಾರ್ಜು ಕೊಡುತ್ತಾರೆ, ಅಷ್ಟೇ.

"ಈ ಉಸಾಬರಿ ಯಾಕೆ ನಿನಗೆ?" ಎಂದು ಕೇಳಿದವರಿಗೆಲ್ಲ ಅವಳು, "ಮನೇಲಿ ಟಿವಿ ಕೆಟ್ಟಿದೆ" ಎನ್ನುತ್ತಿದ್ದಳು. ನಿಜವಾದ ಕಾರಣ ಅವಳ ಅಣ್ಣ ಕಾಲಿನ್. ಈಗಿನ ಕಾನೂನು ಆಗಿನ್ನೂ ಇರಲಿಲ್ಲ. ಚರ್ಚಿನ ಚಾವಣಿಯ ಸೀಸದ ತಗಡು ಕದ್ದವನು ನೀನೇ ಎಂದು ಹದಿನೈದರ ಹುಡುಗನನ್ನು ಒಂಟಿಯಾಗಿ ಕೂರಿಸಿಕೊಂಡು, ಹೂಂ ಅನ್ನು, ಮನೆಗೆ ಹೋಗು ಎಂದರು. ಪಾಪದವನು ಹೂಂ ಎಂದ. ಮನೆಗೆ ಬಂದದ್ದು ಮಾತ್ರ ಹುಡುಗರ ಜೈಲು ಮುಗಿಸಿಕೊಂಡು. ಆಮೇಲೆ ನಿಜವಾದ ಕಳ್ಳರು ಸಿಕ್ಕರು, ಯಾರೂ ಕಾಲಿನ್‌ನ ಬಳಿ ಬಂದು ತಪ್ಪಾಯಿತು ಎನ್ನಲಿಲ್ಲ. ಸಾಯುವವರೆಗೂ ಅವನು ಬಾಗಿಲಿಗೆ ಬೆನ್ನು ಹಾಕಿ ಕೂತವನಲ್ಲ. ಆ ಮಾತಿನ ಮಲ್ಲಿ ಯಾರಿಗೂ ಹೇಳದೆ ಉಳಿಸಿಕೊಂಡ ಸಂಗತಿ ಇದೊಂದೇ.

ಕೆಲಸದಲ್ಲಿ ಅವಳಿಗೆ ನುಂಗಲಾರದ ತುತ್ತಾದದ್ದು ಒಂದು ನಿಯಮ. ಮಗು ವಕೀಲರ ಹತ್ತಿರ ಗುಟ್ಟಾಗಿ ಆಡಿದ್ದನ್ನು ಹೊರಗೆ ತೆಗೆಸುವ ಹಕ್ಕು ಪೊಲೀಸರಿಗಿಲ್ಲ. ಬೆರಿಲ್ ಹತ್ತಿರ ಆಡಿದ ಮಾತಿಗೆ ಆ ಕಾಪು ಇಲ್ಲ, ನಾಳೆ ಅವಳನ್ನೇ ಕಟಕಟೆಗೆ ಕರೆದು "ಹುಡುಗಿ ಏನಂದಳು?" ಎಂದು ಕೇಳಬಹುದು. ಹಾಗಾಗಿ ಏನು ನಡೆಯಿತೆಂದು ಮಗು ಹೇಳಬಂದರೆ ಬೇಡ ಎನ್ನಬೇಕು. ಇಡೀ ಊರಿನ ಕಷ್ಟಸುಖ ಕೇಳಿ ಬೆಳೆದ ಕಿವಿಗೆ ಇದಕ್ಕಿಂತ ಶಿಕ್ಷೆ ಇನ್ನೇನು ಬೇಕು?

ಆ ಆಗಸ್ಟಿನ ಬುಧವಾರ ಮಧ್ಯಾಹ್ನ ಠಾಣೆಯಿಂದ ಸಾರ್ಜೆಂಟ್ ನೀಲ್ ಡಗಲ್ಬಿ ಫೋನ್ ಮಾಡಿದ. ಚಡ್ಡಿ ಹಾಕುವ ಕಾಲದಿಂದ ಅವಳ ಅಂಗಡಿಯಲ್ಲಿ ತಿಂದು ಬೆಳೆದವನು.

"ಬೆರಿಲ್ ಆಂಟಿ, ಸ್ವಲ್ಪ ಬರ್ತೀರಾ? ಹುಡುಗಿ, ಹದಿನೈದು ವರ್ಷ. ಅಮ್ಮ ಕೂರೋ ಹಾಗಿಲ್ಲ, ಅಮ್ಮನೇ ಸಾಕ್ಷಿ."

ಹಿಂದಿನ ದಿನ ಮಧ್ಯಾಹ್ನ ಬೀಚಿನ ಮರದ ಗುಡಿಸಲೊಂದು ಸುಟ್ಟು ಕರಕಲಾಗಿತ್ತು. ಎದುರಿಗೇ ಐಸ್‌ಕ್ರೀಮ್ ಮಾರುವ ಲೊರೇನ್ ಹಾರ್ಲ್ಯಾಂಡ್, ಅಂದರೆ ಹುಡುಗಿಯ ಅಮ್ಮ, ಹೊಗೆಯೊಳಗಿಂದ ಹಳದಿ ಮಳೆಕೋಟೊಂದು ಓಡಿದ್ದನ್ನು ಕಂಡಿದ್ದಳು. ಯಾರ ಕೋಟು ಎಂದು ಪೊಲೀಸರು ಕೇಳಿದಾಗ ಹಿಂದೆಮುಂದೆ ನೋಡದೆ "ನಮ್ಮ ಕೆಲ್ಸೀದು" ಎಂದುಬಿಟ್ಟಳು. ಬಾಯಿಂದ ಬಿದ್ದ ಮೇಲೆ ಬಾಯಿ ಬಾಯಿ ಬಡಿದುಕೊಂಡರೆ ಏನು ಬಂತು? ಪೊಲೀಸರು ಮನೆ ಬಾಗಿಲಿಗೆ ಹೋದರೆ ಕೆಲ್ಸಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. "ಹೂಂ, ನಾನೇ ಸುಟ್ಟಿದ್ದು, ನಡೀರಿ" ಎಂದಳಂತೆ.

ಬೆರಿಲ್ ಠಾಣೆಗೆ ಬಂದಾಗ ಹುಡುಗಿ ಗಲ್ಲವನ್ನು ಮುಂದೆ ಚಾಚಿ ನಿಂತಿದ್ದಳು. ನೀಲ್ ಅವಳ ಹಕ್ಕುಗಳನ್ನು ಬೆರಿಲ್ ಎದುರು ಮತ್ತೊಮ್ಮೆ ಹೇಳಿದ. ಬಾಯಿ ಬಿಡಲೇಬೇಕು ಎಂದೇನಿಲ್ಲ, ವಕೀಲರು ಬೇಕಾದರೆ ಪುಕ್ಕಟೆ ಬರುತ್ತಾರೆ.

"ವಕೀಲರು ಬೇಡ" ಎಂದಳು ಕೆಲ್ಸಿ. "ನಾನೇ ಮಾಡಿದ್ದು ಅಂತ ಹೇಳ್ತೀನಿ, ಮುಗಿಸಿ, ಮನೆಗೆ ಹೋಗ್ಬೇಕು."

ತನಿಖೆಗೆ ಬಂದಿದ್ದ ಡಿಟೆಕ್ಟಿವ್ ಗ್ರೆಗ್ ಫೆಂಟನ್‌ನ ಮುಖ ಅರಳಿತು. ಕೆಟ್ಟವನೇನಲ್ಲ, ಅವಸರದವನು. "ನೋಡಿ, ಜಾಣೆ. ಇಂಥೋರೇ ಇದ್ರೆ ನಮ್ಮ ಕೆಲಸ ಎಷ್ಟು ಸಲೀಸು."

ಬೆರಿಲ್‌ಗೆ ಆ ಮಾತು ಕೇಳಿ ಕಾಲಿನ್ ನೆನಪಾದ. "ವಕೀಲರನ್ನ ಕರೆಸಿ" ಎಂದಳು.

"ಅವಳು ಬೇಡ ಅಂದ್ಲಲ್ಲ ಆಂಟಿ" ಎಂದ ಗ್ರೆಗ್.

"ಅವಳು ಬೇಡ ಅಂದ್ಲು. ನಾನು ಬೇಕು ಅಂತಿದೀನಿ. ಅವಳ ಪರವಾಗಿ ಕರೆಸೋ ಹಕ್ಕು ನನಗಿದೆಯೋ ಇಲ್ವೋ, ನೀಲ್?"

"ಇದೆ" ಎಂದ ನೀಲ್, ಫೋನ್ ಎತ್ತಿಕೊಳ್ಳುತ್ತ. "ಅವರು ಬಂದ ಮೇಲೆ ಮಾತಾಡೋದು ಬಿಡೋದು ಹುಡುಗಿ ಇಷ್ಟ."

"ಹಲ್ ಸಿಟಿಯಿಂದ ಬರ್ಬೇಕು ಅವರು. ಸಂಜೆ ಆಗತ್ತೆ" ಎಂದು ಗ್ರೆಗ್ ಗೊಣಗಿದ.

"ಆಗ್ಲಿ ಬಿಡಪ್ಪ. ನನಗೇನು ಒಲೆ ಮೇಲೆ ಎಣ್ಣೆ ಕಾಯ್ತಾ ಇದೆಯಾ?"

ಕೆಲ್ಸಿ ಗರ್ರನೆ ತಿರುಗಿದಳು. "ಯಾರೇ ನೀನು ಮುದುಕಿ? ನಿನ್ನನ್ನ ಯಾರು ಕರೆದ್ರು? ನಾನೇ ಒಪ್ಕೋತೀನಿ ಅಂದ್ರೆ ನಿಂದೇನೇ ಅಡ್ಡಗಾಲು?"

"ಮುದುಕೀನೇ ಕಣಮ್ಮ, ಬಯ್ಯೋದಾದ್ರೆ ಕೂತ್ಕೊಂಡು ಬಯ್ಯಿ. ನನ್ನ ಮಂಡಿ ನಿಂತ್ಕೊಂಡು ಬೈಸ್ಕೊಳ್ಳಲ್ಲ."

ಹುಡುಗಿ ನಗಲಿಲ್ಲ, ಆದರೆ ಕೂತಳು.

ಕಾಯುವ ಕೋಣೆಗೆ ಊಟ ಬಂತು. ಡಬ್ಬಿಯಿಂದ ತೆಗೆದು ಬಿಸಿ ಮಾಡಿದ ಬೀನ್ಸ್ ಕಾಳು, ರಬ್ಬರಿನಂಥ ಸಾಸೇಜು. ಬೆರಿಲ್ ಮೂಸಿ ನೋಡಿ, "ಇದನ್ನ ತಿನ್ನಿಸೋದೇ ಒಂದು ಅಪರಾಧ" ಎಂದಳು. ಕೆಲ್ಸಿ ಸಾಸೇಜನ್ನು ನೋಡಿದವಳೇ ತಟ್ಟೆ ದೂರ ತಳ್ಳಿ ಮುಖ ತಿರುಗಿಸಿಕೊಂಡಳು. ಬೆರಿಲ್ ಅದೇಕೆಂದು ಕೇಳಲಿಲ್ಲ. ಕೇಳಬಾರದು. ಹಾಗಾಗಿ ಹವಾಮಾನ ಕೇಳಿದಳು, ಸ್ಕೂಲು ಕೇಳಿದಳು. ಮುಂದಿನ ವರ್ಷ ಏನು ಓದುತ್ತೀಯ ಎಂದಾಗ ಹುಡುಗಿಯ ಮುಖ ಮೊದಲ ಸಲ ಸಡಿಲವಾಯಿತು.

"ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಕೋರ್ಸು. ರಜೇಲಿ ಮಧ್ಯಾಹ್ನ ಮಧ್ಯಾಹ್ನ ನರ್ಸರೀಗೆ ಹೋಗ್ತೀನಿ. ಕೋರ್ಸು ಮುಗಿದ್ ಮೇಲೆ ಅಲ್ಲೇ ಕೆಲಸ ಕೊಡ್ತೀವಿ ಅಂದಿದಾರೆ."

ಬೆರಿಲ್ ಅವಳ ಕಡೆ ಬಾಗಿದಳು. "ಬೆಂಕಿ ಹಚ್ಚಿದವಳು ಅಂತ ಪೊಲೀಸರ ದಾಖಲೇಲಿ ಹೆಸರು ಸೇರಿದ್ರೆ, ನಾಳೆ ನರ್ಸರಿಯವರು ಮಕ್ಕಳನ್ನ ನಿನ್ನ ಕೈಗೆ ಕೊಡ್ತಾರಾ, ಯೋಚ್ನೆ ಮಾಡಿದೀಯಾ? ನನಗೆ ಸರಿಯಾಗಿ ಗೊತ್ತಿಲ್ಲ. ವಕೀಲರನ್ನ ಕೇಳು."

ಹುಡುಗಿಯ ಮುಖದ ಬಣ್ಣ ಇಳಿದುಹೋಯಿತು. ಅವಳು ಬೆರಿಲ್‌ಳ ತೋಳು ಹಿಡಿದುಕೊಂಡಳು. "ನಿಂಗೊಂದು ಹೇಳ್ಲಾ? ಯಾರ್ಗೂ ಹೇಳ್ಬೇಡ. ನಿಜವಾಗ್ಲೂ ಏನಾಯ್ತು ಅಂದ್ರೆ—"

"ಬೇಡ!" ಬೆರಿಲ್ ಕೂಗಿಯೇಬಿಟ್ಟಳು. "ನನ್ನ ಹತ್ರ ಬೇಡ. ವಕೀಲರು ಬರ್ಲಿ, ಅವರಿಗೆ ಹೇಳು. ನನ್ನ ಕಿವಿಗೆ ಬಿದ್ರೆ ಅದನ್ನ ಬಚ್ಚಿಡೋ ಶಕ್ತಿ ನನಗಿಲ್ಲ ಮಗಳೇ."

ಕೆಲ್ಸಿ ತೋಳು ಬಿಟ್ಟಳು. ಗೋಡೆ ಕಡೆ ತಿರುಗಿ ಅಳತೊಡಗಿದಳು. ತಬ್ಬಿಕೊಂಡು ಹೇಳೇ ಕಂದಾ ಎನ್ನಲು ಬೆರಿಲ್‌ಳ ಜೀವ ಹಾತೊರೆಯುತ್ತಿತ್ತು. ತುಟಿ ಕಚ್ಚಿಕೊಂಡು ಕೂತಳು. ಈ ಕೆಲಸ ಹಿಡಿದ ದಿನವನ್ನು ಅವಳು ಮನಸ್ಸಿನಲ್ಲೇ ಶಪಿಸಿದಳು.

ಸ್ವಲ್ಪ ಗಾಳಿ ಬೇಕೆಂದು ಹುಡುಗಿ ಅಂಗಳಕ್ಕೆ ಹೊರಟಳು. ಮಂಡಿ ನೋವಿನ ಬೆರಿಲ್ ಎದ್ದು ನಿಲ್ಲುವಷ್ಟರಲ್ಲಿ ಕಾರಿಡಾರಿನಲ್ಲಿ ಗ್ರೆಗ್ ಟೀ ಲೋಟ ಹಿಡಿದು ಹುಡುಗಿಯ ಪಕ್ಕಕ್ಕೆ ಬಂದಿದ್ದ.

"ಆ ಕೋಟು ನಿಂದೇ ತಾನೇ ಕೆಲ್ಸಿ? ಸುಮ್ನೆ ಕೇಳ್ದೆ. ಬೆಂಕಿಪೆಟ್ಟಿಗೆ ಎಲ್ಲಿ ಸಿಕ್ತು?"

ಬೆರಿಲ್‌ಳ ಮಂಡಿಗೆ ಅಷ್ಟು ವೇಗ ಎಲ್ಲಿಂದ ಬಂತೋ. ಇಬ್ಬರ ನಡುವೆ ಹೋಗಿ ಅಡ್ಡ ನಿಂತಳು. ಅಡ್ಡ ನಿಲ್ಲುವುದಕ್ಕೆ ಅವಳ ಮೈಕಟ್ಟು ಹೇಳಿ ಮಾಡಿಸಿದಂತಿತ್ತು.

"ಸುಮ್ನೆ ಕೇಳೋದು ಅನ್ನೋದು ಇಲ್ಲಿಲ್ಲ ಕಣಯ್ಯ. ಕೇಳೋದೇನಿದ್ರೂ ಆ ಕೋಣೆಯೊಳಗೆ, ರೆಕಾರ್ಡರ್ ಓಡ್ತಿರ್ಬೇಕಾದ್ರೆ, ನಾನು ಪಕ್ಕದಲ್ಲಿ ಕೂತಿರ್ಬೇಕಾದ್ರೆ ಕೇಳು."

"ಅಯ್ಯೋ ಆಂಟಿ, ಮಾತಿಗೆ ಮಾತು ಅಷ್ಟೇ—"

"ಮಾತಿನ ವ್ಯಾಪಾರ ನನಗೆ ಹೇಳಿಕೊಡಬೇಡ. ಮೂವತ್ತು ವರ್ಷ ಮಾಡಿದೀನಿ. ಕೌಂಟರ್ ಮೇಲೆ ಮೊಣಕೈ ಊರಿ ನಾನೂ ಹೀಗೇ ಸುಮ್ನೆ ಕೇಳ್ತಿದ್ದೆ. ಯಾರೂ ಏನನ್ನೂ ಮುಚ್ಚಿಡಕ್ಕಾಗ್ತಿರ್ಲಿಲ್ಲ."

ಕಾರಿಡಾರಿನ ಕೊನೆಯಿಂದ ನೀಲ್‌ನ ಗಡಸು ದನಿ ಬಂತು. "ಗ್ರೆಗ್, ಟೀ ಆರತ್ತೆ. ನಿನ್ನ ಮೇಜಿಗೆ ಹೋಗಿ ಕುಡಿ. ನೀನು ಈಗ ಕೇಳಿದ್ದನ್ನ ನಾನು ಬರ್ಕೊಳ್ತೀನಿ."

ಗ್ರೆಗ್‌ನ ಕಿವಿ ಕೆಂಪಾಯಿತು. ಲೋಟ ಹಿಡಿದುಕೊಂಡು ಹೋದ. ಕೆಲ್ಸಿ ಬೆರಿಲ್‌ಳನ್ನು ಮೇಲಿಂದ ಕೆಳಗೆ ನೋಡಿದಳು. ಮುದುಕಿ ಎಂದು ಮತ್ತೆ ಅನ್ನಲಿಲ್ಲ.

ಸಂಜೆಗೆ ವಕೀಲೆ ರುಖ್ಸಾನಾ ಮಿರ್ಜಾ ಬಂದರು. ಹುಡುಗಿಯನ್ನು ಕರೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೆರಿಲ್ ತಾನಾಗಿಯೇ ಹೊರಗುಳಿದಳು. ಒಳಗೆ ಪಿಸುಮಾತು. ಇದ್ದಕ್ಕಿದ್ದಂತೆ ಹುಡುಗಿಯ ದನಿ, "ಏನು? ನಿಜವಾಗ್ಲೂ?" ಎಂದು ಬಾಗಿಲು ದಾಟಿ ಬಂತು. ಆಮೇಲೆ ಅಳುವೋ ನಗುವೋ ತಿಳಿಯದ ಒಂದು ಸದ್ದು. ಬೆರಿಲ್‌ಗೆ ಕುತೂಹಲದಿಂದ ತಲೆ ಸಿಡಿಯುವಂತಾದರೂ ಬಾಗಿಲಿನಿಂದ ದೂರ ಸರಿದು ನಿಂತಳು.

ವಿಚಾರಣೆಯ ಕೋಣೆಯಲ್ಲಿ ನಾಲ್ವರು ಕೂತರು. ರೆಕಾರ್ಡರ್ ಹಚ್ಚಿದರು. ಬೆರಿಲ್ ಹುಡುಗಿಯ ಪಕ್ಕದ ಕುರ್ಚಿಯಲ್ಲಿ. ಗ್ರೆಗ್ ಈ ಸಲ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ, ಅರ್ಥವಾಯಿತೇ ಎಂದು ಕೇಳಿದ. ಆಮೇಲೆ, "ಗುಡಿಸಲಿಗೆ ಬೆಂಕಿ ಹಚ್ಚಿದ್ದು ನೀನಾ?"

"ಅಲ್ಲ."

ಗ್ರೆಗ್‌ನ ಪೆನ್ನು ನಿಂತಿತು.

"ನಾನು ಅಲ್ಲಿರಲೇ ಇಲ್ಲ. ನನ್ನ ತಮ್ಮ ರೋರಿ. ಬೇಕು ಅಂತ ಮಾಡಿದ್ದಲ್ಲ. ಸೂಪರ್‌ಮಾರ್ಕೆಟ್ಟಲ್ಲಿ ಸಿಗತ್ತಲ್ಲ, ತಗಡಿನ ತಟ್ಟೇದು ಇದ್ದಿಲ ಒಲೆ, ಅದನ್ನ ಗುಡಿಸಲೊಳಗೆ ಇಟ್ಕೊಂಡು ಸಾಸೇಜ್ ಸುಡಕ್ಕೆ ಹೋಗಿದಾನೆ. ಮಳೆ ಹನೀತಿತ್ತು ಅಂತ ನನ್ನ ಕೋಟು ಹಾಕ್ಕೊಂಡು ಹೋಗಿದ್ದ. ಸಾಯಂಕಾಲ ಮನೆಗೆ ಬಂದ್ರೆ ಮಂಚದ ಕೆಳಗೆ ನಡುಗ್ತಾ ಮಲಗಿದ್ದ, ಜೈಲಿಗೆ ಹಾಕ್ತಾರೆ ಅಂತ." ಅವಳು ಉಸಿರು ಎಳೆದುಕೊಂಡಳು. "ಅವನಿಗೆ ಒಂಬತ್ತು. ನಾನಂದ್ಕೊಂಡೆ, ನಾನು ದೊಡ್ಡೋಳು, ತಡ್ಕೋತೀನಿ, ಅವನು ಸತ್ತೇ ಹೋಗ್ತಾನೆ ಅಂತ. ಹತ್ತು ವರ್ಷ ಆಗೋವರ್ಗೂ ಯಾರ ಮೇಲೂ ಕೇಸು ಹಾಕೋ ಹಾಗೇ ಇಲ್ವಂತೆ! ನನಗೆ ಯಾರೂ ಹೇಳಿರ್ಲಿಲ್ಲ."

ಬೆರಿಲ್‌ಗೆ ಮೈ ಝುಂ ಎಂದಿತು. ಕಾನೂನು ಮುಟ್ಟಲಾರದ ಒಂದು ಕೂಸನ್ನು ಕಾಪಾಡಲು ಈ ಹುಡುಗಿ ತನ್ನ ಬಾಳನ್ನೇ ಬೆಂಕಿಗೆ ಹಾಕಲು ಹೊರಟಿದ್ದಳಲ್ಲ!

"ಮತ್ತೆ ನೀನು ಎಲ್ಲಿದ್ದೆ ಆ ಹೊತ್ನಲ್ಲಿ?" ಗ್ರೆಗ್‌ನ ದನಿ ಮೆತ್ತಗಾಗಿತ್ತು.

"ನರ್ಸರೀಲಿ. ಮಕ್ಕಳಿಗೆ ಕತೆ ಹೇಳ್ತಿದ್ದೆ. ಮೇಡಂ ಇದ್ರು, ಕೇಳಿ."

"ಇದನ್ನ ಮೊದಲೇ ಹೇಳಬಾರದಾಗಿತ್ತೇನಮ್ಮ?"

"ನೀವು ನೀನೇ ಮಾಡಿದ್ದಾ ಅಂದ್ರಿ, ಹೂಂ ಅಂದೆ. ಎಲ್ಲಿದ್ದೆ ಅಂತ ಯಾರು ಕೇಳಿದ್ರು?"

ಗ್ರೆಗ್ ತಲೆ ತಗ್ಗಿಸಿದ. ಬೆರಿಲ್ ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಸುಮ್ಮನಿರುವುದು ಅವಳಿಗೆ ಇಷ್ಟು ರುಚಿಸಿತು.

ನರ್ಸರಿಯ ಮೇಡಂ ಫೋನಿನಲ್ಲಿ ಹೌದು ಎಂದರು. ಹುಡುಗಿ ತಿಂಡಿ ಹೊತ್ತಿಗೂ ಇದ್ದಳು, ಚಾಪೆ ಸುತ್ತಿಟ್ಟೇ ಹೋದಳು ಎಂದೂ ಸೇರಿಸಿದರು. ಇವಳ ಮೇಲೆ ಮುಂದೆ ಯಾವ ಕ್ರಮವೂ ಇಲ್ಲವೆಂದು ನೀಲ್ ಗಟ್ಟಿಯಾಗಿ ಹೇಳಿದ. ಹುಡುಗಿ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿಸಿಕೊಂಡಳು.

ಅಷ್ಟರಲ್ಲಿ ಮುಂದಿನ ಬಾಗಿಲು ದಡಾರನೆ ತೆರೆಯಿತು. ಲೊರೇನ್ ಅತ್ತು ಅತ್ತು ಊದಿದ ಮುಖದಲ್ಲಿ ಓಡಿ ಬಂದಳು. ಅವಳಿಗಿಂತ ಮುಂದೆ ದಿಂಬೊಂದನ್ನು ಅವುಚಿಕೊಂಡ ಹುಡುಗ. ಮೂಗು ಮೇಜಿಗೆ ಎಟಕುವಷ್ಟು ಎತ್ತರ.

"ಬೆಂಕಿ ನಾನೇ ಹಚ್ಚಿದ್ದು" ಎಂದು ಕೂಗಿದ. "ಅಮ್ಮಂಗೆ ಎಲ್ಲಾ ಹೇಳಿದೀನಿ. ನಮ್ಮಕ್ಕನ್ನ ಬಿಟ್ಬಿಡಿ, ನನ್ನ ಹಿಡ್ಕೊಳ್ಳಿ. ದಿಂಬು ತಂದಿದೀನಿ."

ನೀಲ್ ಮೇಜಿನ ಮೇಲೆ ಬಾಗಿದ. "ವಯಸ್ಸೆಷ್ಟು ತಮಗೆ?"

"ಒಂಬತ್ತು." ರೋರಿ ಗಂಟಲು ಸರಿಮಾಡಿಕೊಂಡ. "ಆದ್ರೆ ಹತ್ತಾದವರ ಥರ ಕಾಣ್ತೀನಿ."

"ಕಾಣೋದು ಸಾಲದು ಸಾರ್. ಹಿಡ್ಕೊಳ್ಳೋಕೆ ಬರಲ್ಲ. ಫೈರ್ ಬ್ರಿಗೇಡಿನಿಂದ ಒಬ್ಬರು ಮೇಡಂ ಮನೆಗೆ ಬಂದು ಬೆಂಕಿ ವಿಷಯ ನಿಮ್ಮ ಹತ್ರ, ಅಮ್ಮನ ಹತ್ರ ಮಾತಾಡ್ತಾರೆ. ಅಷ್ಟೇ."

"ಮತ್ತೆ ನಮ್ಮಕ್ಕ?"

ಒಳಬಾಗಿಲಿನಿಂದ ಕೆಲ್ಸಿ ಹೊರಗೆ ಬಂದಳು. ದಿಂಬನ್ನು ಕಿತ್ತುಕೊಂಡು ತಮ್ಮನ ಬೆನ್ನಿಗೆ ಎರಡು ಬಿಗಿದಳು. ಆಮೇಲೆ ದಿಂಬು ಸಮೇತ ಅವನನ್ನು ಎತ್ತಿ ತಬ್ಬಿಕೊಂಡಳು. ನನ್ನ ಬಾಯಿಗೆ ಹುಳ ಬೀಳ ಎಂದು ಶುರುಮಾಡಿದ ಅಮ್ಮನನ್ನೂ ಒಂದು ಕೈಯಲ್ಲಿ ಎಳೆದುಕೊಂಡಳು. ಮೂವರೂ ಸೇರಿ ಎಬ್ಬಿಸಿದ ರಂಪಕ್ಕೆ ಒಳಗಿನ ಪೊಲೀಸರೆಲ್ಲ ಇಣುಕಿ ನೋಡಿದರು. ಬೆರಿಲ್‌ಗೆ ಕುಣಿಯುವಷ್ಟು ಖುಷಿಯಾಗಿತ್ತು. ಕಣ್ಣು ಒರೆಸಿಕೊಂಡಳು, ಅದನ್ನು ಯಾರಾದರೂ ನೋಡಿದರೂ ಅವಳಿಗೇನೂ ನಾಚಿಕೆ ಇರಲಿಲ್ಲ.

"ಆಂಟಿ," ಎಂದ ನೀಲ್, "ಠಾಣೆಯೊಳಗೇ ದಿಂಬಿನಲ್ಲಿ ಹೊಡೆದಿದಾಳೆ. ಹಲ್ಲೆ ಕೇಸು ಹಾಕ್ಲಾ?"

"ಹಾಕಪ್ಪ, ಧಾರಾಳವಾಗಿ ಹಾಕು" ಎಂದು ಬೆರಿಲ್ ಅಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಕೆಲ್ಸಿಯ ಪಕ್ಕಕ್ಕೆ ಕೂತಳು. "ನಾನು ಇಲ್ಲೇ ಇದೀನಿ. ವಕೀಲರೂ ಇನ್ನೂ ಹೋಗಿಲ್ಲ."