ಆಯಿ ಕರೆಯದ ಹೆಸರು

ನನ್ನ ಹೆಸರು ಗುರುಲಿಂಗಪ್ಪ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಅದನ್ನು ಹೇಳಬೇಕಾದವಳು ಹೇಳುವುದಿಲ್ಲ. ಆಕೆ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಕಲ್ಲೋಳಿಯ ಸಾತವ್ವ. ಅಜ್ಜನ ಹೆಸರೂ ಗುರುಲಿಂಗಪ್ಪ. ಒಂದೇ ಮನೆಯಲ್ಲಿ ಬದುಕಿದ್ದ ಇಬ್ಬರಿಗೆ ಒಂದೇ ಹೆಸರು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಹುಕ್ಕೇರಿಯ ಕಡೆ ಬೊಟ್ಟು ಮಾಡುತ್ತೇನೆ.

ಆಯಿ ನೋಡಲು ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು. ನಮ್ಮ ಹೊಲದಲ್ಲಿ ಕಬ್ಬು ಮುರಿದುಕೊಂಡು ಓಡುವ ಹುಡುಗರನ್ನು ಅವರ ಅಪ್ಪನ ಹೆಸರು, ಅಜ್ಜನ ಹೆಸರು ಸಮೇತ ಕೂಗಿ ಬೈಯುತ್ತಿದ್ದಳು. ಊರಿನ ಹೆಸರುಗಳೆಲ್ಲ ಆಕೆಯ ನಾಲಿಗೆಯ ಮೇಲಿದ್ದವು, ಒಂದನ್ನು ಬಿಟ್ಟು. ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಕೆಯ ತಾಯಿ ಮದುವೆಗೆ ಮೊದಲೇ ಹೇಳಿಟ್ಟಿದ್ದಳು. ಹೀಗಾಗಿ ಮೂವತ್ತೈದು ವರ್ಷದ ಸಂಸಾರವನ್ನು ಆಯಿ “ಏನ್ರಿ” ಎಂಬ ಒಂದೇ ಮಾತಿನಲ್ಲಿ ನಡೆಸಿದ್ದಳು. ಸಿಟ್ಟು ಬಂದ ದಿನ ಅದನ್ನೇ ಸ್ವಲ್ಪ ಉದ್ದ ಎಳೆಯುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಅಜ್ಜನಿಗೆ ದಮ್ಮು ಜೋರಾಯಿತು. ರಾತ್ರಿಯೆಲ್ಲ ಕುಳಿತೇ ಉಸಿರು ಎಳೆಯುತ್ತಿದ್ದ. ಗೋಕಾಕದ ಡಾಕ್ಟರು ಎರಡು ಬಾಟಲಿ ಔಷಧ ಖರ್ಚು ಮಾಡಿಸಿ, “ಇನ್ನ ಸಮುದ್ರದ ಗಾಳಿ ಕುಡಿಸಿ ನೋಡ್ರಿ” ಎಂದು ಕೈ ತೊಳೆದುಕೊಂಡರು. ಆಯಿ ಗಂಟು ಕಟ್ಟಿದಳು. ಇಬ್ಬರೂ ವೆಂಗುರ್ಲೆಗೆ ಹೋದರು. ಬೆಳಗಾವಿಯ ಸಾಹೇಬರು ಬೇಸಿಗೆ ಕಳೆಯಲು ಹೋಗುತ್ತಿದ್ದ ಊರು ಅದು. ಸಾಹೇಬರು ಬಂಗಲೆಯಲ್ಲಿ, ಇವರು ಧರ್ಮಶಾಲೆಯಲ್ಲಿ. ಮೀನಿನ ವಾಸನೆಗೆ ಆಯಿ ಮೂಗು ಮುಚ್ಚಿಕೊಂಡು, ಅಜ್ಜ ಬಾಯಿ ತೆರೆದುಕೊಂಡು, ಎರಡು ತಿಂಗಳು ದಂಡೆಯ ಮೇಲೆ ಕುಳಿತರು. ಅಜ್ಜನ ಉಸಿರು ಖರೇನೇ ಸರಿಹೋಯಿತು.

ಅಷ್ಟರಲ್ಲಿ ಅಪ್ಪನ ಕಾಗದ ಬಂತು. ನನ್ನ ಅವ್ವನ ತವರು ವಿಜಾಪುರ, ನಾನು ಅಲ್ಲಿಯೇ ಹುಟ್ಟಿದ್ದೆ. ಕಾಗದ ಮೊದಲು ಕಲ್ಲೋಳಿಗೆ ಹೋಗಿ, ಅಲ್ಲಿ ನಾಲ್ಕು ದಿನ ಸುಸ್ತು ಆರಿಸಿಕೊಂಡು ವೆಂಗುರ್ಲೆಗೆ ಬಂದಿತ್ತು. ಧರ್ಮಶಾಲೆಯ ಕಾರಕೂನ ಓದಿ ಹೇಳಿದ. ನಾಳೆ ಸಂಜೆ ದೀಪ ಹಚ್ಚಿದ ಮೇಲೆ ತೊಟ್ಟಿಲಶಾಸ್ತ್ರ. ಕೂಸಿಗೆ ಅಪ್ಪಾರ ಹೆಸರನ್ನೇ ಇಡುತ್ತೇವೆ, ಅವರ ಹೆಸರು ಮನೆಯಲ್ಲಿ ಉಳಿಯಲಿ.

“ಉಳೀಲಿ ಅಂದ್ರೇನು?” ಎಂದಳು ಆಯಿ. “ಇವರೇನ ಹೋಗ್ಯಾರೇನು?”

ಅಪ್ಪನದೂ ಪೂರ್ತಿ ತಪ್ಪಲ್ಲ. ಡಾಕ್ಟರು ಕೈ ತೊಳೆದುಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಹೋದವರ ಹೆಸರನ್ನು ಕೂಸಿಗೆ ಇಡುವುದು ನಮ್ಮ ಮನೆತನದ ರೂಢಿ, ಇದ್ದವರದನ್ನಲ್ಲ. ಆಯಿ ಆಗಲೇ ಗಂಟು ಕಟ್ಟತೊಡಗಿದಳು. “ಒಂದ ಹೆಸರಿಗೆ ಇಬ್ಬರಾದ್ರ ಮ್ಯಾಲಿನಾಂವ ಒಬ್ಬರನ್ನ ಕರಕೋತಾನ. ನಾಳೆ ದೀಪ ಹಚ್ಚೂದ್ರಾಗ ನಾ ವಿಜಾಪುರದಾಗ ಇರಬೇಕು,” ಎಂದಳು. ಅಜ್ಜ ನಕ್ಕ. ಹೇಗೂ ವಿಜಾಪುರಕ್ಕೆ ಹೋಗುವುದಾದರೆ ಗೋಳಗುಮ್ಮಟ ನೋಡಿ ಬರೋಣ ಎಂದ.

ನಸುಕಿನಲ್ಲಿ ಮೋಟಾರು ಹತ್ತಿದರು. ಅಜ್ಜನಿಗೆ ಒಂದು ಕೆಟ್ಟ ಚಟವಿತ್ತು, ಮೋಟಾರು ನಿಂತಲ್ಲೆಲ್ಲ ಇಳಿಯಬೇಕು. ಅಂಬೋಲಿ ಘಟ್ಟದ ಮೇಲೆ ಎಂಜಿನ್ನಿಗೆ ನೀರು ಹಾಕುವಾಗ ಇಳಿದ. ಆಜರೆಯಲ್ಲಿ ಚಹಾಕ್ಕೆ ಇಳಿದ. ಸಂಕೇಶ್ವರದಲ್ಲಿ ಸುಮ್ಮನೆ ಇಳಿದ. ಪ್ರತಿ ಸಲವೂ ಆಯಿ ಕಿಟಕಿಯಿಂದ “ಏನ್ರಿ” ಎಂದು ಒದರುವಳು. ಅವನಷ್ಟೇ ಅಲ್ಲ, ದಾರಿಯಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡುವರು.

ಹುಕ್ಕೇರಿ ಮುಟ್ಟಿದಾಗ ಹನ್ನೊಂದು ಗಂಟೆ. ಅಲ್ಲಿ ಮೋಟಾರು ಬದಲಿಸಬೇಕಿತ್ತು. ಗೋಕಾಕ, ಮೂಡಲಗಿಯ ಮೇಲೆ ಹಾಯ್ದು ವಿಜಾಪುರಕ್ಕೆ ಹೋಗುವ ಮೋಟಾರು ಎದುರಿಗೇ ನಿಂತಿತ್ತು. ನಾಲ್ಕು ಗಂಟೆಯ ನಾವೆ ಸಿಕ್ಕರೆ ಕೃಷ್ಣಾ ಹೊಳೆ ದಾಟಿ ದೀಪ ಹಚ್ಚುವ ಹೊತ್ತಿಗೆ ಊರು ಸೇರಬಹುದು. ಆಯಿ ಟ್ರಂಕು, ಗಂಟು ಇಟ್ಟುಕೊಂಡು ಕುಳಿತಳು. ಅಜ್ಜ, “ಈಗ ಬಂದ್ನಿ,” ಎಂದು ಹೋದ. ಹೋದವನು ಹೋದ.

ಮಾಯಪ್ಪನೆಂಬ ಕಂಡಕ್ಟರ್ ಎರಡು ಸಲ ಹಾರ್ನ್ ಹಾಕಿಸಿದ. “ಎಲ್ಲ್ಯದಾರಬೇ ನಿಮ್ಮ ಮನಿಯವರು? ನಾವಿ ತಪ್ಪತೈತಿ.”

“ಏನ್ರಿ,” ಎಂದು ಆಯಿ ಕೂಗಿದಳು. ಸಂತೆಯ ದಿನ. ಹತ್ತು ಮಂದಿ “ಏನಬೇ?” ಎಂದರು, ಹನ್ನೊಂದನೆಯವನು ಮಾತ್ರ ಇರಲಿಲ್ಲ.

“ಹೆಸರ ಹೇಳ್ರಿ, ನಾ ಒದರತೀನಿ,” ಎಂದ ಮಾಯಪ್ಪ.

ಆಯಿ ಸೆರಗು ಬಾಯಿಗೆ ಹಿಡಿದಳು. ಪಕ್ಕದಲ್ಲಿ ಕುಳಿತ ಹೆಣ್ಣುಮಗಳೊಬ್ಬಳು, “ಒಡಪ ಹಾಕಿ ಹೇಳಿಬಿಡ್ರಿ ಯಕ್ಕಾ,” ಎಂದಳು. ಮದುವೆ ಮುಂಜಿಯಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವುದುಂಟು, ಅದಕ್ಕೆ ದೋಷವಿಲ್ಲ. “ಒಡಪ ಹೇಳಾಕ ಇಲ್ಲೇನ ಬಾಸಿಂಗ ಕಟ್ಟ್ಯಾರೇನು?” ಎಂದು ಆಯಿ ಆಕೆಯ ಬಾಯಿ ಮುಚ್ಚಿಸಿದಳು. ಆಮೇಲೆ ಮಾಯಪ್ಪನ ಕಡೆ ತಿರುಗಿ, “ಹೆಸರಿನ್ಯಾಗ ಎರಡ ಅದಾವಪ್ಪ. ಮೊದಲನೇದು, ಮಠದಾಗ ಇರತಾರಲ್ಲ, ಅವರು,” ಎಂದಳು.

“ಸ್ವಾಮಿಗೋಳೇನು?”

“ಅವರೇ. ಅವರಿಗೆ ಇನ್ನೊಂದ ಅಂತಾರ ನೋಡು.”

“ಇನ್ನೊಂದ ಯಾಕ ಬೇಕಬೇ, ಹೊತ್ತಾತು. ಎರಡನೇದು?”

“ಇದ,” ಎಂದು ಆಯಿ ಕೊರಳು ಮುಟ್ಟಿ ತೋರಿಸಿದಳು. ಆಕೆ ತೋರಿಸಿದ್ದು ಸೆರಗಿನೊಳಗೆ ಕಟ್ಟಿಕೊಂಡ ಲಿಂಗವನ್ನು. ಮಾಯಪ್ಪನಿಗೆ ಕಂಡದ್ದು ಸೆರಗಿನ ಮೇಲಿದ್ದ ತಾಳಿ. ಅವನು ಎರಡೂ ಕೂಡಿಸಿ ಅಪ್ಪ ಹಚ್ಚಿದ, ಮೋಟಾರಿನ ಮೆಟ್ಟಿಲ ಮೇಲೆ ನಿಂತು ಹುಕ್ಕೇರಿ ಕೇಳುವ ಹಾಗೆ ಒದರಿದ.

“ಸ್ವಾಮಿ ತಾಳಪ್ಪಾ! ಸ್ವಾಮಿ ತಾಳಪ್ಪಾ!”

ಸಂತೆಗೆ ಸಂತೆಯೇ ನಿಂತಿತು. ಎತ್ತಿನ ಗಾಡಿಯವನು ಹಗ್ಗ ಜಗ್ಗಿದ. ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಹಿಡಿದೇ ನಿಂತ. ಬಾರದವನು ಒಬ್ಬ ನನ್ನ ಅಜ್ಜ. ಡ್ರೈವರ್ ಇನ್ನು ತಾಳುವುದಿಲ್ಲ ಎಂದ. ಆಯಿ ಟ್ರಂಕು, ಗಂಟಿನ ಸಮೇತ ಕೆಳಗಿಳಿದಳು, ಮೋಟಾರು ಧೂಳೆಬ್ಬಿಸಿ ಗೋಕಾಕದ ದಾರಿ ಹಿಡಿಯಿತು.

ಸ್ವಲ್ಪ ಹೊತ್ತಿಗೆ ಅಜ್ಜ ಆರಾಮವಾಗಿ ನಡೆದು ಬಂದ. ಊರ ಬಾಜೂ ಹಳೆಯ ಗುಮ್ಮಟಗಳಿವೆ. ವಿಜಾಪುರದ ಗುಮ್ಮಟದಲ್ಲಿ ಏಳು ಸಲ ದನಿ ತಿರುಗಿ ಬರುತ್ತದಲ್ಲ, ಇಲ್ಲಿ ಎಷ್ಟು ಸಲ ಬರುತ್ತದೆ ನೋಡೋಣವೆಂದು ಹೋಗಿದ್ದನಂತೆ. ಹೊಸದಾಗಿ ಬಂದ ಉಸಿರನ್ನು ಅಲ್ಲಿ ನಿಂತು ಪರೀಕ್ಷೆ ಮಾಡಿದ್ದನಂತೆ.

“ಮೋಟಾರು ಎಲ್ಲಿ?” ಎಂದ.

“ಒದರಿದ್ದು ಕೇಳಿಸಲಿಲ್ಲೇನ್ರೀ?”

“ಕೇಳಿಸ್ತಲ್ಲ. ‘ಸ್ವಾಮಿ, ತಾಳಪ್ಪಾ’ ಅಂದ್ರು. ಮೋಟಾರಿಗೆ ಇನ್ನೂ ತಡಾ ಐತಿ ಅಂತ ನಾನೂ ತಾಳಿದ್ನಿ.”

ಆಯಿ ಟ್ರಂಕಿನ ಮೇಲೆ ಕುಳಿತು ಅತ್ತಳು. ಅಜ್ಜನಿಗೆ ಆಗ ಕೆಟ್ಟೆನಿಸಿತು. ಆಕೆಯ ಪಕ್ಕ ನೆಲದ ಮೇಲೇ ಕುಳಿತು, “ಒಂದ ಸಲ ಹೆಸರ ಹಿಡದ ಕರದಿದ್ರ ಆಗತಿತ್ತಲ್ಲ, ಮೋಟಾರು ಸಿಗತಿತ್ತು,” ಎಂದ.

“ಮೋಟಾರು ಸಿಗತಿತ್ರಿ,” ಎಂದಳು ಆಯಿ. “ನೀವು?”

ಅಜ್ಜ ಎದ್ದ. ಹೋಗಿ ಚುರುಮುರಿ ತಂದುಕೊಟ್ಟ.

ಅವರು ವಿಜಾಪುರ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಅವ್ವನ ತಾಯಿ ಭರಮವ್ವ ಬಾಗಿಲಲ್ಲೇ, “ತೊಟ್ಟಿಲದಾಗ ಹಾಕಿದ್ವಿರಿ ಬೀಗತಿ. ನಿಮ್ಮ ಮನಿಯವರ ಹೆಸರೇ ಇಟ್ಟೀವಿ,” ಎಂದು ಸಂಭ್ರಮದಿಂದ ಹೇಳಿದಳು. ಹೆಸರು ಹೇಳದೆ ಮೋಟಾರು ತಪ್ಪಿಸಿಕೊಂಡಳು, ಮೋಟಾರು ತಪ್ಪಿದ್ದಕ್ಕೆ ಅದೇ ಹೆಸರು ತೊಟ್ಟಿಲು ಹತ್ತಿತು. ಇಟ್ಟ ಹೆಸರನ್ನು ತೆಗೆಯುವುದು ಇನ್ನೂ ದೊಡ್ಡ ಅಪಶಕುನ. ಆಯಿ ತೊಟ್ಟಿಲೊಳಗೆ ಬಗ್ಗಿ ನೋಡಿದಳು. ಈಕೆ ಮೊಮ್ಮಗನನ್ನು ಏನೆಂದು ಕರೆಯುತ್ತಾಳೋ ಎಂದು ಮನೆಮಂದಿ ಕಾದಿದ್ದರು.

“ಏನ್ರಿ,” ಎಂದಳು ನನಗೆ, “ಆರಾಮ ಅದೀರೇನು?”

ಅಂದಿನಿಂದ ನನ್ನ ಕರ್ಮ ಶುರುವಾಯಿತು. ನಮ್ಮ ಮನೆಯಲ್ಲಿ ಆಯಿ “ಏನ್ರಿ” ಎಂದರೆ ಅಜ್ಜನೂ ನಾನೂ ಒಟ್ಟಿಗೆ “ಹ್ಞಾಂ” ಎನ್ನುತ್ತಿದ್ದೆವು. ಬೈಗುಳದಲ್ಲೂ ಮರ್ಯಾದೆ ತಪ್ಪುತ್ತಿರಲಿಲ್ಲ. “ಏನ್ರಿ, ಸಾಲಿಗೆ ಹೋಗ್ರಿ, ಇಲ್ಲಂದ್ರ ನಿಮ್ಮ ಕಾಲ ಮುರದು ಕೈಯಾಗ ಕೊಡ್ತೀನಿ.” ಸಾಲಿಯ ಹುಡುಗರು ನನಗೆ ಏನ್ರಿ ಎಂದೇ ಹೆಸರಿಟ್ಟರು. ಒಮ್ಮೆ ಮೂಗು ಒಡೆಸಿಕೊಂಡು ಬಂದು ಹಟ ಹಿಡಿದೆ. “ಆಯಿ, ಒಂದೇ ಒಂದ ಸಲ ನನ್ನ ಹೆಸರ ಹಿಡದ ಕರಿ.”

“ಕರೀತೀನ್ರಿ, ಆಮ್ಯಾಲೆ.”

“ಯಾವಾಗ?”

ಆಯಿ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ಅಜ್ಜನನ್ನು ನೋಡಿದಳು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿ, “ಅಂಥಾದ್ದ ಕೇಳಬಾರದ್ರಿ,” ಎಂದಳು. ಏಟು ಯಾಕೆ ಬಿತ್ತೆಂದು ನನಗೆ ತಿಳಿಯಲಿಲ್ಲ.

ಡಾಕ್ಟರು ಬಿಟ್ಟುಕೊಟ್ಟಿದ್ದ ಅಜ್ಜ ಮತ್ತೆ ಹನ್ನೆರಡು ವರ್ಷ ಬದುಕಿದ. ಸಮುದ್ರದ ಗಾಳಿಯಿಂದ ಎಂದು ಅವನು ಹೇಳುವನು. ಆಯಿ ತನ್ನ ಬಾಯಿ ಮುಟ್ಟಿ ತೋರಿಸುವಳು.

ನಲವತ್ತಾರನೆಯ ಇಸವಿಯಲ್ಲಿ ಒಂದು ಮುಂಜಾನೆ ಅವನು ತೀರಿಕೊಂಡ. ಗೋಡೆಗೆ ಒರಗಿಸಿ ಕೂಡಿಸಿ ವಿಭೂತಿ ಹಚ್ಚಿದ್ದರು. ಎತ್ತುವ ಹೊತ್ತಾಯಿತೆಂದು ಯಾರೋ ಹೇಳಿದರು. ಆಗ ಆಯಿ ಎದ್ದು ಅಜ್ಜನ ಬಳಿ ಹೋದಳು, ಕೂಸಿಗೆ ಹೆಸರಿಡುವವರಂತೆ ಅವನ ಕಿವಿಗೆ ಬಾಯಿಟ್ಟಳು.

“ಗುರುಲಿಂಗಪ್ಪಾ,” ಎಂದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಹುಟ್ಟಿದಾಗಿನಿಂದ ಕಾದಿದ್ದೆ, ಬಾಯಿ ತಡೆಯಲಿಲ್ಲ. “ಓ ಆಯಿ,” ಎಂದುಬಿಟ್ಟೆ.

ಆಯಿ ತಿರುಗಿ ನೋಡಿದಳು. ನನ್ನ ತಲೆಯ ಮೇಲೆ ಕೈಯಿಟ್ಟಳು.

“ನಿಮ್ಮನ್ನಲ್ರಿ,” ಎಂದಳು.