ಖಂಡೆಪೂಜೆಗೆ ಕೂತ ಉಕ್ಕಿನ ಬಿಲ್ಲೆ

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ದಸರೆಗೆಂದು ನಮ್ಮೂರು ರೋಣಕ್ಕೆ ಬಂದ ನನ್ನನ್ನು ಅಪ್ಪ ಮತ್ತೆ ಪುಣೆಯ ಕಾಲೇಜಿಗೆ ಬಿಡುವ ಲಕ್ಷಣವೇ ಇರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಜಿನ್ನಿನಲ್ಲಿ ಯಂತ್ರ ತಿರುಗಿಸುವ ಉಕ್ಕಿನ ಶಾಫ್ಟು ಮುರಿದಿತ್ತು. ಲೋಹಶಾಸ್ತ್ರ ಓದುವ ಮಗನಿದ್ದೂ ಏನು ಬಂತು ಎಂದು ಅವನಿಗೆ ಸಿಟ್ಟು.

"ಯಾಕ ಮುರೀತು, ಖಾತ್ರಿ ಮಾಡಿ ತೋರಸು, ಆಮ್ಯಾಲ ಪುಣೆಕ್ಕ ಹೋಗು. ಇಲ್ಲಂದ್ರ ಓದಿದ್ದು ಸಾಕು, ಗಾದಿ ಮ್ಯಾಲ ಕುಂಡ್ರು" ಅಂದ.

ಜಿನ್ನಿನಲ್ಲಿ ವ್ಯಾಪಾರಕ್ಕೆ ಕೂರುವ ಆ ಗಾದಿ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅರಳೆಯ ಧೂಳು, ದಲಾಲರ ಹರಟೆ, ಬೆನ್ನಿಗೆ ಗೋಡೆ. ಕೂತವನು ಏಳುವ ಮಾತೇ ಇಲ್ಲ.

ಮುರಿದ ಜಾಗದಿಂದ ಒಂದು ಬಿಲ್ಲೆ ಕೊಯ್ದು ಕನ್ನಡಿಯಂತೆ ಉಜ್ಜಿದೆ. ಉಳಿದ ತುಂಡುಗಳು ಆಗಲೇ ಕಮ್ಮಾರನ ಕುಲುಮೆ ಸೇರಿದ್ದವು. ಬಿರುಕು ಹುಟ್ಟಿದಲ್ಲಿ, ಸಾಸಿವೆಗಿಂತ ಎಷ್ಟೋ ಸಣ್ಣ ಕರಿ ಚುಕ್ಕೆ ಕಂಡಿತು. ಉಕ್ಕು ಕರಗಿಸಿ ಎರೆಯುವಾಗ ಒಳಗೇ ಸಿಕ್ಕಿಬಿದ್ದ ಕಸ ಅದು. ಅಂಥ ಚುಕ್ಕೆಯ ಮೇಲೆ ತೆಳ್ಳನೆಯ ಎಲೆಕ್ಟ್ರಾನ್ ಕಿರಣ ಬಿಟ್ಟು, ಅದು ಹೊಮ್ಮಿಸುವ ಎಕ್ಸ್‌ರೇಯಿಂದ ಒಳಗೇನಿದೆ ಎಂದು ಹೇಳುವ ಯಂತ್ರ ಆಗ ಪರದೇಶದಲ್ಲಿ ಹೊಸದಾಗಿ ಬಂದಿತ್ತು. ಅಲ್ಲಿಗೆ ಹೊರಟಿದ್ದ ನಮ್ಮ ಪ್ರೊಫೆಸರರು ಬಿಲ್ಲೆ ಒಯ್ಯಲು ಪತ್ರದಲ್ಲಿ ಒಪ್ಪಿದ್ದರು. ಕಿರಣ ತಾಕುವುದು ಮೇಲಿನ ಪದರಕ್ಕಷ್ಟೇ, ಬೆರಳು ಸಹ ಮುಟ್ಟಿಸಬೇಡ ಎಂದು ಬರೆದಿದ್ದರು.

ಅಪ್ಪನ ತಾಯಿ, ನಮ್ಮ ಆಯಿಗೆ, ಅಂಗಳದ ಬಿಸಿಲಲ್ಲಿ ತೋರಿಸಿದೆ. "ಆಯಿ, ಎಲ್ಲಾ ತ್ರಾಸಿಗೂ ಈ ಚುಕ್ಕೀನ ಕಾರಣ." ವಯಸ್ಸಾದರೂ ಅವಳ ಕಣ್ಣು ಚುರುಕು. ನೋಡಿ ಹಲುಬಿದಳು. ನಾನು ಬಿಲ್ಲೆಯನ್ನು ಅರಳೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ.

ಖಂಡೆಪೂಜೆಯ ದಿನ ಮನೆಯ ಕುಡುಗೋಲು, ಕೊಡಲಿ, ತಕ್ಕಡಿ ಎಲ್ಲ ತಿಕ್ಕಿಸಿಕೊಂಡು ದೇವರ ಮುಂದೆ ಕೂರುತ್ತವೆ. ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಸ್ನಾನ ಮಾಡಿ ಬಂದು ನೋಡಿದರೆ ಗೂಡು ಖಾಲಿ. ನನ್ನ ಬಿಲ್ಲೆ ಕುಡುಗೋಲಿನ ಪಕ್ಕ ಕುಂಕುಮ ಹಚ್ಚಿಕೊಂಡು ಕೂತಿತ್ತು.

"ಎಲ್ಲಾರ ಕಬ್ಬಿಣಕ್ಕೂ ಪೂಜಿ ಆಗ್ತದ, ನಿನ್ನ ಕಬ್ಬಿಣ ಏನ ಪಾಪ ಮಾಡೇದ?" ಅಂದಳು ಆಯಿ.

ಕೈ ಚಾಚಿದೆ. "ಮುಟ್ಟಬ್ಯಾಡ" ಎಂದು ಅಪ್ಪ ಗದರಿದ. ಇಡೀ ದಿನ ದೇವರ ಕೋಣೆಯ ಹೊಸ್ತಿಲ ಬಳಿ ಕೂತೆ. ಕುಂಕುಮ ತಾನೇ, ತೊಳೆದರೆ ಹೋದೀತು ಎಂದುಕೊಂಡೆ. ಹಾಳಾದ ಹೊತ್ತು ಸರಿಯಲೇ ಇಲ್ಲ.

ಮರುದಿನ ಬನ್ನಿ ಮುಡಿದು ಬಂದ ಮೇಲೆ ಆಯಿಯೇ ಬಿಲ್ಲೆಯನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಗಿಟ್ಟಳು.

"ನೋಡ ತಮ್ಮಾ, ನಿನಗ ತ್ರಾಸ ಕೊಟ್ಟ ಚುಕ್ಕಿ ಭಾಳ ಹಟ ಮಾಡ್ತು. ಪೂಜಿಗೆ ಇಡೂ ಮೊದಲ ಸೂಜಿಲೆ ಎಬ್ಬಿಸಿ, ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಗದೀನಿ. ಇನ್ನ ಅರಾಮ ಹೋಗಿ ಬಾ."

ಬೆಳಕಿಗೆ ಹಿಡಿದೆ. ಚುಕ್ಕೆ ಇದ್ದಲ್ಲಿ ಬರೀ ತೂತು. ಅಳು ಬಂತು, ಸಿಟ್ಟೂ ಬಂತು. ಅವಳ ಮುಖ ನೋಡಿ ಎರಡನ್ನೂ ನುಂಗಿದೆ.

ಅಪ್ಪ ಬಾಗಿಲಲ್ಲಿ ನಿಂತು, "ಯಾಕ ಮುರೀತಪಾ ಮತ್ತ?" ಅಂದ.

ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆಯಿಗೆ ಬನ್ನಿ ಕೊಟ್ಟು, "ಬಂಗಾರ ತಗೊಂಡ ಬಂಗಾರದಂಗ ಇರೂಣು" ಎಂದು ಕಾಲಿಗೆ ಬಿದ್ದು, ಅಪ್ಪನ ಹಿಂದೆ ಜಿನ್ನಿಗೆ ಹೋದೆ. ಪುಣೆಯ ದಾರಿಗೆಂದು ಅವಳು ಕಟ್ಟಿಟ್ಟಿದ್ದ ರೊಟ್ಟಿಯ ಗಂಟನ್ನು ಅಂದು ಮಧ್ಯಾಹ್ನ ಗಾದಿಯ ಮೇಲೆ ಕೂತು ಬಿಚ್ಚಿದೆ.