ತಲಿ ಎತ್ತಿ ನಿಂತ ಕುರಿ

ಹದಿನಾಲ್ಕು ವರ್ಷ ನಾ ಸ್ಟುಡಿಯೋದಾಗ ಮಣ್ಣಿನ ಗೊಂಬಿ ಮಾಡಿದಾಕಿ. ಗೊಂಬಿ ಒಂದೀಟು ಸರಸೂದು, ಒಂದು ಫೋಟೋ ತಗಿಯೂದು, ಹಂಗ ಸಿನಿಮಾ ಆಗತಿತ್ತು. ಆರು ಕುರಿ ನಡಸೂದ್ರಾಗ ವಾರ ಹೋಗತಿತ್ತು. ಈಗ ಎಲ್ಲಾ ಕಂಪ್ಯೂಟರಿನ್ಯಾಗ. ಕಂಪ್ಯೂಟರಿನ ಮೊದಲನೇ ಸಿನಿಮಾಕ್ಕ ನಾನೇ ನಾಕನೂರು ಕುರಿ ಮಾಡಿದೆ, ಒಂದರ ಮಾರಿ ಇನ್ನೊಂದಕ್ಕಿಲ್ಲ. ಆ ಸೊಕ್ಕಿನ್ಯಾಗ ಲ್ಯಾಪ್‌ಟಾಪ್ ಹಿಡಕೊಂಡು ಸೋನ್ಯಾಳ ಅನ್ನೂ ಹಳ್ಳಿಗೆ ಹೋದೆ, ಕುರಿ ಕಾಯೋ ಮಾಳವ್ವಗ ತೋರಸಾಕ.

ಆಕಿ ಎರಡು ಸಲ ನೋಡಿದ್ಲು. "ಇದು ಎಷ್ಟೊತ್ತಿನ್ಯಾಗ, ತಂಗಿ?"

"ಸುಡುಸುಡು ಮಧ್ಯಾಹ್ನ ರೀ, ಅವ್ವಾರ."

"ಅಂಥಾ ಬಿಸಲಾಗ ಯಾವ ಕುರಿ ಹಿಂಗ ತಲಿ ಎತ್ತಿ ನಿಂದರತೈತಿ? ಫೋಟೋ ತಗಸಾಕ ನಿಂತಾವೇನ? ಬಾ ಇಲ್ಲಿ."

ಹೊರಗ ಬಯಲಾಗ ಆಕಿ ಕುರಿ ಒಂದಕ್ಕೊಂದು ಮೈ ಹಚ್ಚಿ ನಿಂತಿದ್ದು. ಒಂದರ ಹೊಟ್ಟಿ ಕೆಳಗಿನ ನೆರಳಾಗ ಇನ್ನೊಂದರ ತಲಿ. ಬರೇ ಬೆನ್ನು ಕಾಣತಿದ್ದು.

ನನಗ ಆವಾಗ ತಿಳೀತು. ಮಣ್ಣಿನ ಕುರಿ ತಲಿ ತಗ್ಗಿಸಿದ್ರ ಮುಗ್ಗರಿಸಿ ಬೀಳತಿದ್ದು, ಅದಕ್ಕ ಇಷ್ಟು ವರ್ಷ ತಲಿ ಎತ್ತಿಸೇ ನಿಂದರಿಸಿದ್ದೆ. ಕಂಪ್ಯೂಟರಿನ ಕುರಿಗೆ ಬೀಳೂ ಅಂಜಿಕಿ ಇಲ್ಲ. ನನ್ನ ಕೈಗೆ ಇನ್ನೂ ಇತ್ತು.

ಅಲ್ಲೇ ಕಟ್ಟಿ ಮ್ಯಾಲ ಕುಂತು ನಾಕನೂರು ತಲಿ ತಗ್ಗಿಸಿದೆ. ಮಾಳವ್ವ ಬಗ್ಗಿ ನೋಡಿ, "ಈಗ ನಮ್ಮ ಕುರಿ ಆದೂ ನೋಡು," ಅಂದ್ಲು. ಹದಿನಾಲ್ಕು ವರ್ಷದಾಗ ಅಂಥಾ ಶಾಬಾಸಕಿ ನನಗ ಯಾರೂ ಕೊಟ್ಟಿದ್ದಿಲ್ಲ.

ಸಿನಿಮಾ ನೋಡಿದೋರೆಲ್ಲಾ ಈಗ ಆ ಹಿಂಡು ಹೊಗಳತಾರ, ನನ್ನ ಎದಿ ಉಬ್ಬತೈತಿ. ಮೂರು ತಿಂಗಳು ಕುಂತು ತಿದ್ದಿದ ಆ ನಾಕನೂರು ಮಾರಿ ಮಾತ್ರ ಮಾಳವ್ವನ ಬಿಟ್ಟು ಹೊರಗಿನವ್ರು ಯಾರೂ ನೋಡಿಲ್ಲ.